ಸೆಲ್ಲಾ ಮೇಲಿನ ಅರಾಕ್ನಾಯ್ಡ್ ಸಿಸ್ಟ್: ಎರಡೂ ಗೋಡೆ ತೆರೆಯುವ ನನ್ನ ಕ್ರಮ

ತಲೆ ವಯಸ್ಸಿಗೆ ಮೀರಿ ಬೆಳೆಯುತ್ತಿರುವ ಮಗುವಿನ ಸ್ಕ್ಯಾನ್‌ನಲ್ಲಿ ಹೈಡ್ರೋಸೆಫಾಲಸ್ (ಮಿದುಳೊಳಗೆ ದ್ರವ ತುಂಬಿ ಕುಹರಗಳು ಹಿಗ್ಗುವುದು) ಕಂಡರೆ, ಎಂಆರ್‌ಐನ ಸ್ಯಾಜಿಟಲ್ ಚಿತ್ರ, ಅಂದರೆ ಪಕ್ಕದಿಂದ ಕಾಣುವ ಉದ್ದಸೀಳು, ನೋಡದೆ ನಾನು ಷಂಟ್‌ಗೆ (ಆ ದ್ರವವನ್ನು ಹೊರಗೆ ಹರಿಸುವ ಕೊಳವೆಗೆ) ಕೈ ಹಾಕುವುದಿಲ್ಲ. ಪಿಟ್ಯುಟರಿ ಗ್ರಂಥಿ ಕೂರುವ ಮೂಳೆಗುಳಿ ಸೆಲ್ಲಾ. ಅದರ ಮೇಲೆ, ಮಿದುಳು ಸುತ್ತಿದ ತೆಳು ಅರಾಕ್ನಾಯ್ಡ್ ಪೊರೆಯಲ್ಲಿ ಹುಟ್ಟುವ ನೀರುಗುಳ್ಳೆಯೇ ಈ ಸಿಸ್ಟ್. ಅದು ಮಿದುಳಿನ ನಡುವಿನ ದ್ರವಕೋಣೆಯಾದ ಮೂರನೇ ಕುಹರದ ತಳವನ್ನು ಕೆಳಗಿನಿಂದ ಎತ್ತಿ, ಪಕ್ಕದ ಕುಹರಗಳಿಂದ ಅಲ್ಲಿಗೆ ಬರುವ ಮನ್ರೋ ರಂಧ್ರಗಳನ್ನು ಮುಚ್ಚುತ್ತದೆ. ಗೋಡೆ ತೀರ ತೆಳು. ಹಾಗಾಗಿ ಅಡ್ಡಸೀಳಿನಲ್ಲಿ ಹಿಗ್ಗಿದ ಮೂರನೇ ಕುಹರದಂತೆಯೇ ಕಾಣುತ್ತದೆ, ಅಕ್ವಿಡಕ್ಟ್ (ಮೂರನೇ ಕುಹರದಿಂದ ದ್ರವ ಕೆಳಗಿಳಿಯುವ ಸಣ್ಣ ನಾಳ) ಕಟ್ಟಿಕೊಂಡಿದೆ ಎಂದು ವರದಿ ಬರುತ್ತದೆ. ಆಗ ಷಂಟ್ ಹಾಕಿದರೆ ಪಕ್ಕದ ಕುಹರಗಳು ಕುಗ್ಗುತ್ತವೆ, ಸಿಸ್ಟ್ ಮಾತ್ರ ಬೆಳೆಯುತ್ತ ಹೋಗುತ್ತದೆ.

ಅಕ್ವಿಡಕ್ಟ್ ಕಟ್ಟಿದ್ದರೆ ಮೂರನೇ ಕುಹರದ ತಳ ಕೆಳಕ್ಕೆ ಬಾಗಿರುತ್ತದೆ. ಸಿಸ್ಟ್ ಇದ್ದರೆ ಅದೇ ತಳ ಮೇಲೇರಿ, ಮಿದುಳುಕಾಂಡದ ಭಾಗವಾದ ಪಾನ್ಸ್ ಹಿಂದಕ್ಕೆ ಒತ್ತಿಕೊಂಡಿರುತ್ತದೆ. ಎಂಆರ್‌ಐನ ಡಿಫ್ಯೂಷನ್ ಚಿತ್ರದಲ್ಲಿ ಎಪಿಡರ್ಮಾಯ್ಡ್ (ಇದನ್ನು ಹೋಲುವ ಇನ್ನೊಂದು ಗಂಟು) ಬೆಳ್ಳಗೆ ಹೊಳೆಯುತ್ತದೆ. ಅರಾಕ್ನಾಯ್ಡ್ ಸಿಸ್ಟ್ ಮಾತ್ರ ಸಿಎಸ್‌ಎಫ್‌ನಂತೆ, ಅಂದರೆ ಮಿದುಳಿನ ದ್ರವದಂತೆ, ಕಪ್ಪಗೇ ಇರುತ್ತದೆ. ಮಗು ತಂಜಾವೂರು ಬೊಂಬೆಯಂತೆ ತಲೆ ತೂಗುವುದು ಅಪರೂಪ, ಆದರೆ ಕಂಡರೆ ಮೊದಲು ಈ ಸಿಸ್ಟನ್ನೇ ಶಂಕಿಸುತ್ತೇನೆ. ಅಕಾಲದ ಪ್ರೌಢತೆಯೂ ಉಂಟು. ಹಾರ್ಮೋನು ಮತ್ತು ಕಣ್ಣಿನ ಪರೀಕ್ಷೆ ಶಸ್ತ್ರಚಿಕಿತ್ಸೆಗೆ ಮುಂಚೆಯೇ ಆಗಬೇಕು.

ಮಗುವನ್ನು ಅಂಗಾತ ಮಲಗಿಸಿ ತಲೆಯನ್ನು ತುಸು ಮುಂದಕ್ಕೆ ಬಾಗಿಸುತ್ತೇನೆ. ಬಲಗಡೆ, ಕರೋನಲ್ ಹೊಲಿಗೆಯ (ತಲೆಬುರುಡೆಯ ಮುಂಭಾಗದ ಅಡ್ಡ ಮೂಳೆಸಂದಿಯ) ಸ್ವಲ್ಪ ಮುಂದೆ, ನಡುಗೆರೆಯಿಂದ 2.5ರಿಂದ 3 ಸೆಂ.ಮೀ. ದೂರದಲ್ಲಿ ಬರ್ ಹೋಲ್, ಅಂದರೆ ಎಂಡೋಸ್ಕೋಪ್ (ಕ್ಯಾಮೆರಾ ಕೊಳವೆ) ಇಳಿಸಲು ಮೂಳೆಯಲ್ಲಿ ಸಣ್ಣ ತೂತು. ತೊಳೆಯಲು ದೇಹದ ಬಿಸಿಯಷ್ಟು ಬೆಚ್ಚಗಿನ ರಿಂಗರ್ ಲ್ಯಾಕ್ಟೇಟ್; ನಾರ್ಮಲ್ ಸಲೈನ್ ಬಳಸುವುದಿಲ್ಲ. ದ್ರವ ಹೊರಹೋಗುವ ದಾರಿ ತೆರೆದಿದೆಯೇ ಎಂದು ಪದೇ ಪದೇ ನೋಡುತ್ತೇನೆ. ಅದು ಕಟ್ಟಿದರೆ ಒಳಒತ್ತಡ ಏರಿ ನಾಡಿ ದಿಢೀರನೆ ಇಳಿಯುತ್ತದೆ, ಅದನ್ನು ಮೊದಲು ಗಮನಿಸುವವರು ಅರಿವಳಿಕೆ ವೈದ್ಯರು.

ಮನ್ರೋ ರಂಧ್ರದಲ್ಲಿ ಸಿಸ್ಟ್‌ನ ನೀಲಿಛಾಯೆಯ ಗುಮ್ಮಟ ಉಬ್ಬಿ ನಿಂತಿರುತ್ತದೆ. ಈ ಮೇಲಿನ ಗೋಡೆಯನ್ನು ಬೈಪೋಲಾರ್‌ನಿಂದ (ವಿದ್ಯುತ್ತಿನಿಂದ ಸುಡುವ ಚಿಮುಟದಿಂದ) ಸುಟ್ಟು, ಕತ್ತರಿಸಿ, 10ರಿಂದ 15 ಮಿ.ಮೀ. ಅಗಲಕ್ಕೆ ತೆರೆಯುತ್ತೇನೆ. ಎಂಡೋಸ್ಕೋಪ್ ರಂಧ್ರದ ಅಂಚಿನ ನರತಂತುಗಳ ಕಟ್ಟಾದ ಫಾರ್ನಿಕ್ಸ್‌ಗೆ ಒರಗಬಾರದು, ನೆನಪಿನ ಶಕ್ತಿಗೆ ಪೆಟ್ಟು ಬೀಳುತ್ತದೆ. ರಕ್ತ ಜಿನುಗಿದರೆ ಅಲುಗಾಡದೆ ತೊಳೆಯುತ್ತ ನಿಲ್ಲುತ್ತೇನೆ. ಹೆಚ್ಚಿನ ಸಲ ಕೆಲವೇ ನಿಮಿಷಗಳಲ್ಲಿ ತಿಳಿಯಾಗುತ್ತದೆ.

ಇಲ್ಲಿಗೇ ನಿಲ್ಲಿಸಿದರೆ ಗೋಡೆ ಮತ್ತೆ ಅಂಟಿಕೊಳ್ಳಬಹುದು. ಅದಕ್ಕೇ ಕೆಳಗಿನ ಗೋಡೆಯನ್ನೂ ತೆರೆಯುತ್ತೇನೆ. ಸಿಸ್ಟ್ ಒಳಗಿಳಿದರೆ ಪಾನ್ಸ್ ಮುಂದೆ ಹಾಯುವ ಬೇಸಿಲಾರ್ ಅಪಧಮನಿಯ ಸುತ್ತ ಸೀಳಿನಂಥ ಕವಾಟ ಕಾಣುತ್ತದೆ. ನಾಡಿ ಬಡಿದಾಗಲೆಲ್ಲ ಅದು ತೆರೆದು ಮುಚ್ಚುವುದನ್ನು ನೋಡಿದರೆ, ಸಿಸ್ಟ್ ತುಂಬಿಕೊಂಡದ್ದು ಹೇಗೆಂದು ಕಣ್ಣಿಗೇ ತಿಳಿಯುತ್ತದೆ. ಅಪಧಮನಿಯ ಮುಂದಿನ ಪೊರೆಯನ್ನು ಮೊಂಡು ತುದಿಯಿಂದ ತೂತು ಮಾಡಿ, 3 ಫ್ರೆಂಚ್ ಅಳತೆಯ ಫೋಗಾರ್ಟಿ ಬಲೂನಿನಿಂದ (ತುದಿಯಲ್ಲಿ ಬಲೂನಿರುವ ಸಣ್ಣ ಕೊಳವೆಯಿಂದ) ಹಿಗ್ಗಿಸಿ ಪಾನ್ಸ್ ಮುಂದಿನ ಸಿಸ್ಟರ್ನ್‌ಗೆ (ಮಿದುಳ ಹೊರಗಿನ ದ್ರವದ ಜಾಗಕ್ಕೆ) ದಾರಿ ಮಾಡುತ್ತೇನೆ. ಇಲ್ಲಿ ಬೈಪೋಲಾರ್ ಮುಟ್ಟುವುದಿಲ್ಲ. ಅಪಧಮನಿಯಷ್ಟೇ ಅಲ್ಲ, ಕಣ್ಣು ಹೊರಳಿಸುವ ಮೂರನೇ ನರಗಳೂ ಇಕ್ಕೆಲದಲ್ಲೇ ಇವೆ.

ಹೊರಬರುವಾಗ ಮಿದುಳಿನಲ್ಲಿ ಎಂಡೋಸ್ಕೋಪ್ ಹಾದ ದಾರಿಗೆ ಜೆಲ್‌ಫೋಮ್ (ಕರಗುವ ಸ್ಪಂಜು) ತುಂಬಿ, ಗೇಲಿಯಾ (ನೆತ್ತಿಯ ಚರ್ಮದಡಿಯ ಗಟ್ಟಿ ಪದರ) ಮತ್ತು ಚರ್ಮವನ್ನು ಬೇರೆಬೇರೆ ಪದರಗಳಲ್ಲಿ ನೀರು ಸೋರದಂತೆ ಹೊಲಿಯಬೇಕು. ಮಿದುಳಿನ ಪದರ ತೆಳುವಾದ ಶಿಶುಗಳಲ್ಲಿ ಮಿದುಳಿನ ಹೊರಹೊದಿಕೆಯಾದ ಡ್ಯೂರಾ ಕೆಳಗೆ ದ್ರವ ಸೇರುವ ಭಯವಿದೆ. ಮೊದಲ ದಿನಗಳಲ್ಲಿ ಸೋಡಿಯಂ ಮತ್ತು ಮೂತ್ರದ ಪ್ರಮಾಣ ಅಳೆಯುತ್ತಿರಬೇಕು.

ಮೂರು ತಿಂಗಳ ಎಂಆರ್‌ಐನಲ್ಲೂ ಸಿಸ್ಟ್ ಪೂರ್ತಿ ಮಾಯವಾಗಿರುವುದಿಲ್ಲ. ನಾನು ಹುಡುಕುವುದು ಎರಡೂ ಕಿಂಡಿಗಳಲ್ಲಿ ದ್ರವ ಹರಿಯುವ ಕಪ್ಪು ಗುರುತನ್ನು. ಹಾರ್ಮೋನು ತಪಾಸಣೆ ಮಾತ್ರ ಮಗು ಹದಿಹರೆಯ ದಾಟುವವರೆಗೂ ನಡೆಯುತ್ತದೆ.