ದೊಡ್ಡಹಬ್ಬದ ರಜೆ, ಹದಿನೈದು ದಿನ ಮೊದಲೇ

ಶಿವಮೊಗ್ಗದ ಒಂದು ಖಾಸಗಿ ಆಸ್ಪತ್ರೆಯಲ್ಲಿ ನಾನು ಆಡಳಿತಾಧಿಕಾರಿ. ಗಂಡನ ಊರು ತೀರ್ಥಹಳ್ಳಿ ಕಡೆ. ಮಲೆನಾಡಿನಲ್ಲಿ ದೀಪಾವಳಿಯೇ ದೊಡ್ಡಹಬ್ಬ. ಆಸ್ಪತ್ರೆಗೆ ಮಾತ್ರ ಅದು ತಲೆನೋವಿನ ವಾರ. ಪಟಾಕಿ ಸಿಡಿದು ಕೈ, ಕಣ್ಣು ಗಾಯ ಮಾಡಿಕೊಂಡವರು ಬರುತ್ತಾರೆ. ಸಿಬ್ಬಂದಿಯಲ್ಲಿ ಅರ್ಧ ಜನ ರಜೆ ಕೇಳುತ್ತಾರೆ.

ಹಬ್ಬದ ಮೂರು ದಿನದಲ್ಲಿ ನಾನು ರಜೆ ಕೇಳುವುದು ಒಂದೇ ದಿನ. ನರಕ ಚತುರ್ದಶಿಯ ಎಣ್ಣೆಸ್ನಾನ ಬೆಳಕು ಹರಿಯುವ ಮುಂಚೆ. ಪಟಾಕಿ ಗಾಯದವರು ಬರುವುದು ಹೆಚ್ಚಾಗಿ ಕತ್ತಲಾದ ಮೇಲೆ. ಹಾಗಾಗಿ ಚತುರ್ದಶಿ, ಅಮಾವಾಸ್ಯೆ ಎರಡೂ ದಿನ ಬೆಳಗ್ಗೆ ಮನೆ, ಮಧ್ಯಾಹ್ನದಿಂದ ಡ್ಯೂಟಿ. ಬಲಿಪಾಡ್ಯಮಿಯ ಗೋಪೂಜೆಗೆ ಇಡೀ ದಿನ ಊರಲ್ಲಿ. ಅತ್ತೆಯ ಹತ್ತಿರ ಇದನ್ನು ಮೊದಲೇ ಮಾತಾಡಿಕೊಂಡೆ. "ಉಳಿದ ದಿನ ಹೆಂಗಾದ್ರೂ ಮಾಡ್ಕೋ ಮಾರಾಯ್ತಿ, ಪಾಡ್ಯಕ್ಕೆ ಮಾತ್ರ ಕೊಟ್ಟಿಗೆ ಹತ್ರ ಇರು" ಅಂದರು. ಅಷ್ಟು ಸಾಕಾಯಿತು.

ಆ ಒಂದು ದಿನ ಗಿಟ್ಟಿಸಲು ಕೆಲಸ ಶುರುವಾಗುವುದು ಹದಿನೈದು ದಿನ ಮೊದಲು. ದಸರಾಕ್ಕೆ ಡ್ಯೂಟಿ ಮಾಡಿದವರಿಗೆ ದೀಪಾವಳಿಗೆ ರಜೆ. ಕೇರಳದ ಸಿಸ್ಟರ್‌ಗಳು ದೀಪಾವಳಿಗೆ ಸಂತೋಷದಿಂದ ನಿಲ್ಲುತ್ತಾರೆ, ಕ್ರಿಸ್‌ಮಸ್‌ಗೆ ಅವರನ್ನು ಬಿಡಬೇಕು. ಡ್ಯೂಟಿ ಪಟ್ಟಿಯನ್ನು ಬೇಗ ಗೋಡೆಗೆ ಅಂಟಿಸಿದರೆ ಜಗಳ ಬೇಗ ಮುಗಿಯುತ್ತದೆ. ಹಬ್ಬದ ಹಿಂದಿನ ದಿನ ಅಂಟಿಸಿದರೆ ಜಗಳದ ಜೊತೆ ಜ್ವರದ ರಜೆಗಳೂ ಬರುತ್ತವೆ!

ಆಮ್ಲಜನಕದ ಸಿಲಿಂಡರ್, ಜನರೇಟರ್ ಡೀಸೆಲ್ ಎಲ್ಲವನ್ನೂ ಮುಂಚೆಯೇ ತುಂಬಿಸುತ್ತೇವೆ. ರಕ್ತದ ವಿಷಯ ಹಾಗಲ್ಲ. ಕಾಲೇಜಿಗೆ ರಜೆ ಅಂದರೆ ರಕ್ತದಾನ ಶಿಬಿರವೂ ಇಲ್ಲ. ಪ್ಲೇಟ್‌ಲೆಟ್ ಇಟ್ಟುಕೊಳ್ಳಬಹುದಾದದ್ದು 5 ದಿನ ಅಷ್ಟೇ. ಮಳೆ ಮುಗಿದು ಡೆಂಗಿ ಇನ್ನೂ ಇರುವ ಕಾಲ ಬೇರೆ. ಅದಕ್ಕೇ ಹಬ್ಬದಲ್ಲಿ ಊರಲ್ಲೇ ಇರುವ ದಾನಿಗಳ ಫೋನ್ ನಂಬರ್ ಬರೆದಿಟ್ಟುಕೊಳ್ಳುತ್ತೇವೆ. ಆಸ್ಪತ್ರೆಯ ಕಸವನ್ನೂ ಸುಮ್ನೆ ಬಿಡುವ ಹಾಗಿಲ್ಲ. 2016ರ ನಿಯಮದ ಪ್ರಕಾರ ಸಂಸ್ಕರಿಸದ ವೈದ್ಯಕೀಯ ತ್ಯಾಜ್ಯವನ್ನು 48 ಗಂಟೆಗಿಂತ ಜಾಸ್ತಿ ಇಡಬಾರದು. ಕಸದ ಗಾಡಿ ಹಬ್ಬದಲ್ಲೂ ಬರುತ್ತದಾ ಅಂತ ನಾನೇ ಫೋನ್ ಮಾಡಿ ಕೇಳುತ್ತೇನೆ.

ಹಬ್ಬದ ಹಿಂದಿನ ದಿನ ಪ್ರತಿ ರೋಗಿಗೂ ಡಿಸ್ಚಾರ್ಜ್ ಬೇಕು. ವಿಮೆಯವರು ಅಂತಿಮ ಒಪ್ಪಿಗೆಯನ್ನು 3 ಗಂಟೆಯೊಳಗೆ ಕೊಡಬೇಕು ಅಂತ ವಿಮಾ ನಿಯಂತ್ರಣ ಪ್ರಾಧಿಕಾರ 2024ರಲ್ಲಿ ಹೇಳಿದೆ. ಆದರೆ ಆ ಗಡಿಯಾರ ಓಡುವುದು ನಾವು ಕಾಗದ ಕಳಿಸಿದ ಮೇಲೆ ತಾನೇ? ತಡ ಆಗುವುದು ನಮ್ಮಲ್ಲೇ. ಮಿಕ್ಕ ಔಷಧಿ ಫಾರ್ಮಸಿಗೆ ವಾಪಸ್ ಹೋಗಿರುವುದಿಲ್ಲ, ಡಿಸ್ಚಾರ್ಜ್ ಸಮ್ಮರಿಗೆ ಡಾಕ್ಟರ ಸಹಿ ಬಿದ್ದಿರುವುದಿಲ್ಲ. ಈಗ ಡಾಕ್ಟರು ಸಂಜೆಯ ರೌಂಡ್ಸ್‌ನಲ್ಲೇ ನಾಳೆ ಮನೆಗೆ ಹೋಗುವವರ ಹೆಸರು ಕೊಡುತ್ತಾರೆ. ರಾತ್ರಿಯೇ ಔಷಧಿ ಲೆಕ್ಕ ಮುಗಿಸಿ ಕರಡು ಬಿಲ್ ಮಾಡಿಡುತ್ತೇವೆ.

ಇಷ್ಟೆಲ್ಲ ಮಾಡಿದರೂ ಫೋನ್ ಮಾತ್ರ ನಿಲ್ಲುತ್ತಿರಲಿಲ್ಲ. ಯಾಕೆ ಅಂತ ಒಂದು ತಿಂಗಳು ಬರೆದು ನೋಡಿದೆ. ತುರ್ತು ವಿಷಯಕ್ಕೆ ಬಂದ ಕರೆ ಬಹಳ ಕಡಿಮೆ. "ಮೇಡಂ, ಈ ಬಿಲ್‌ನಲ್ಲಿ ಎಷ್ಟು ಬಿಡೋಣ?" ಅನ್ನುವುದೇ ಜಾಸ್ತಿ. ಮಾಲೀಕರನ್ನು ಒಪ್ಪಿಸಿ, ಒಂದು ಮಿತಿಯವರೆಗೆ ರಿಯಾಯಿತಿ ಕೊಡುವ ಅಧಿಕಾರವನ್ನು ರಾತ್ರಿಯ ಡ್ಯೂಟಿ ಮ್ಯಾನೇಜರ್‌ಗೇ ಕೊಡಿಸಿದೆ. ನನ್ನ ಪ್ರಕಾರ ಯಾವ ರಜೆ ಅರ್ಜಿಗಿಂತಲೂ ಇದು ದೊಡ್ಡದು. ಪಾಡ್ಯದ ದಿನ ಆಮ್ಲಜನಕ, ಬೆಂಕಿ ಅಥವಾ ರೋಗಿ ಕಡೆಯವರ ಗಲಾಟೆ ಆದರೆ ಮಾತ್ರ ನನಗೆ ಕರೆ. ನಮ್ಮ ಊರಲ್ಲಿ ಸಿಗ್ನಲ್ ಸಿಗುವುದು ಅಂಗಳದ ಒಂದು ಮೂಲೆಯಲ್ಲಿ ಮಾತ್ರ, ಅದೂ ಒಳ್ಳೆಯದೇ ಆಯಿತು ಅನ್ನಿ.

ದನಗಳಿಗೆ ಅಡಿಕೆ, ಚೆಂಡುಹೂವಿನ ಮಾಲೆ ಕಟ್ಟುವುದು ಈಗ ಮಗಳ ಕೆಲಸ. ಕಡುಬಿಗೆ ಚೀನಿಕಾಯಿ ತುರಿಯುವುದು ನನ್ನದು.

ಕ್ರಿಸ್‌ಮಸ್ ವಾರ ಮಾತ್ರ ಇನ್ನೂ ಹಿಡಿತಕ್ಕೆ ಬಂದಿಲ್ಲ. ಮಗಳ ಶಾಲೆಗೂ ಆಗಲೇ ರಜೆ, ಸಿಸ್ಟರ್‌ಗಳೂ ಊರಿಗೆ. ಈ ಸಲ ಅವಳನ್ನು ನನ್ನ ಅಮ್ಮನ ಮನೆಗೆ ಕಳಿಸಿ, ಭಾನುವಾರ ಹೋಗಿ ಬರುವುದು ಅಂತ ಅಂದುಕೊಂಡಿದ್ದೇನೆ.