ಎಸ್‌ಎಸ್‌ಡಿ ಹಾಕೋದು ಸುಲಭ, ಅದಕ್ಕೂ ಮೊದಲಿನ ಕೆಲಸ ನೋಡಿ

‘ಅಣ್ಣಾ, ಎಸ್‌ಎಸ್‌ಡಿ ನಾನೇ ಹಾಕಿದೆ. ಲ್ಯಾಪ್‌ಟಾಪ್ ಏನೋ ಸಖತ್ ಫಾಸ್ಟ್ ಆಗಿದೆ. ಆದ್ರೆ ಮಗಳ ನಾಮಕರಣದ ಫೋಟೋ ಒಂದೂ ಕಾಣ್ತಿಲ್ಲ.’

ಇಂಥ ಫೋನ್ ನನಗೆ ಆಗಾಗ ಬರುತ್ತದೆ. ಎಸ್‌ಎಸ್‌ಡಿ ಎಂದರೆ ಹಳೆ ಹಾರ್ಡ್‌ಡಿಸ್ಕಿನ ಬದಲು ಹಾಕುವ, ತಿರುಗುವ ತಟ್ಟೆಯಿಲ್ಲದ ವೇಗದ ಡಿಸ್ಕ್. ತುಮಕೂರಿನಲ್ಲಿ ಮನೆಮನೆಗೆ ಹೋಗಿ ಕಂಪ್ಯೂಟರ್ ರಿಪೇರಿ ಮಾಡುವವನು ನಾನು. ಅಂಗಡಿ ಇಲ್ಲ, ಬೋರ್ಡ್ ಇಲ್ಲ. ಸ್ಕೂಟರ್ ಡಿಕ್ಕಿಯಲ್ಲಿ ಒಂದು ಸ್ಕ್ರೂಡ್ರೈವರ್ ಸೆಟ್, ಪೇಂಟ್ ಬ್ರಷ್, ನಾಲ್ಕು ಪೆನ್‌ಡ್ರೈವ್ ಇರುತ್ತವೆ, ಅಷ್ಟೇ. ವಿಡಿಯೋ ನೋಡಿ ಸ್ಕ್ರೂ ಬಿಚ್ಚುವುದನ್ನು ಜನ ಚೆನ್ನಾಗಿಯೇ ಕಲಿತಿದ್ದಾರೆ. ಬಿಚ್ಚುವ ಮೊದಲು ಏನು ಮಾಡಬೇಕು ಎನ್ನುವುದನ್ನು ಮಾತ್ರ ಹತ್ತು ಸೆಕೆಂಡ್ ಮುಂದಕ್ಕೆ ಓಡಿಸಿಬಿಟ್ಟಿರುತ್ತಾರೆ.

1. ನಿಮಗೆ ಇದು ಬೇಕಾ?

ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿ. ಟಾಸ್ಕ್ ಮ್ಯಾನೇಜರ್ ಬರುತ್ತದೆ. ಏನೂ ಕೆಲಸ ಮಾಡದೆ ಸುಮ್ನೆ ಇಟ್ಟಾಗಲೂ ‘ಡಿಸ್ಕ್’ ಎನ್ನುವ ಕಡೆ ಶೇ 100 ಎಂದೇ ನಿಂತಿದ್ದರೆ ಹಾರ್ಡ್‌ಡಿಸ್ಕ್ ತಿಣುಕುತ್ತಿದೆ ಎಂದರ್ಥ. ಹಳೆ ಲ್ಯಾಪ್‌ಟಾಪ್‌ಗಳಲ್ಲಿ ಹೆಚ್ಚಾಗಿ ನಿಮಿಷಕ್ಕೆ 5,400 ಸುತ್ತು ತಿರುಗುವ ತಟ್ಟೆ ಇರುತ್ತದೆ. ಅದು ಸೆಕೆಂಡಿಗೆ ಸುಮಾರು 100 ಎಂಬಿ ಓದಿದರೆ ದೊಡ್ಡದು. ಸಾಮಾನ್ಯ ಸಾಟಾ ಜಾತಿಯ ಎಸ್‌ಎಸ್‌ಡಿ 500 ಎಂಬಿ ಓದುತ್ತದೆ. ರ್‍ಯಾಮ್ 4 ಜಿಬಿ ಮಾತ್ರ ಇದ್ದರೆ ಅದನ್ನೂ 8 ಮಾಡಿಸಿ. ಒಂದನ್ನು ಮಾಡಿ ಇನ್ನೊಂದನ್ನು ಬಿಟ್ಟರೆ ಅರ್ಧ ಸುಖ.

2. ಖರೀದಿ

ಹಿಂದಿನ ಮುಚ್ಚಳ ತೆಗೆದು ಒಳಗೇನಿದೆ ನೋಡಿಕೊಂಡೇ ಅಂಗಡಿಗೆ ಹೋಗಿ. ಎರಡೂವರೆ ಇಂಚಿನ ಡಬ್ಬಿಯಂಥ ಡಿಸ್ಕ್ ಇದೆಯಾ, ಚೂಯಿಂಗ್ ಗಮ್ ಪಟ್ಟಿಯಂಥ ಎಂ.2 ಜಾಗ ಇದೆಯಾ? ಎಂ.2ನಲ್ಲಿಯೂ ಸಾಟಾ, ಎನ್‌ವಿಎಂಇ ಎಂದು ಎರಡು ಜಾತಿ. ನೋಡಲು ಅಣ್ಣತಮ್ಮಂದಿರ ಹಾಗಿರುತ್ತವೆ. ಒಂದರ ಜಾಗದಲ್ಲಿ ಇನ್ನೊಂದು ನಡೆಯದೇ ಇರಬಹುದು. ಫೋಟೋ ಹೊಡೆದುಕೊಂಡು ಹೋಗಿ ತೋರಿಸಿ.

ಇನ್ನೊಂದು ಗುಟ್ಟು. ಹಳೆ ಡಿಸ್ಕ್ 500 ಜಿಬಿ ಇದ್ದರೆ 480 ಜಿಬಿ ಎಸ್‌ಎಸ್‌ಡಿ ತರಬೇಡಿ. ಡಿಸ್ಕನ್ನು ಇದ್ದ ಹಾಗೇ ನಕಲು ಮಾಡುವ ಕೆಲವು ಸಾಫ್ಟ್‌ವೇರ್‌ಗಳು ‘ಜಾಗ ಸಾಲದು’ ಎಂದು ಅಲ್ಲೇ ಕೂತುಬಿಡುತ್ತವೆ. ಒಳಗೆ ಬರೀ 100 ಜಿಬಿ ಡೇಟಾ ಇದ್ದರೂ ಅಷ್ಟೇ.

ಕಂಪ್ಯೂಟರ್ ಬಿಡಿಭಾಗಗಳ ಮಾರುಕಟ್ಟೆಯಾದ ಬೆಂಗಳೂರಿನ ಎಸ್‌ಪಿ ರೋಡಿಗೆ ಹೋಗುವುದಾದರೆ ಬಿಲ್, ವಾರಂಟಿ ಎರಡೂ ಕೈಗೆ ಬಂದ ಮೇಲೆ ದುಡ್ಡು ಕೊಡಿ. ಆನ್‌ಲೈನ್‌ನಲ್ಲಿ ಊಟದ ಬಿಲ್ಲಿನಷ್ಟು ದುಡ್ಡಿಗೆ ‘16 ಟಿಬಿ ಎಸ್‌ಎಸ್‌ಡಿ’ ಸಿಗುತ್ತದಲ್ಲಾ, ಅದರ ಹತ್ತಿರವೂ ಹೋಗಬೇಡಿ. ಅಂಥದ್ದೊಂದನ್ನು ಬಿಚ್ಚಿ ನೋಡಿದ್ದೇನೆ. ಒಳಗೆ ಗೋಂದಿನಲ್ಲಿ ಅಂಟಿಸಿದ ಒಂದು ಮೆಮೊರಿ ಕಾರ್ಡ್ ಇತ್ತು.

3. ಡೇಟಾ: ಇಲ್ಲಿ ಅವಸರ ಬೇಡ

ಮೊದಲು ಹಳೆ ಡಿಸ್ಕಿನ ಆರೋಗ್ಯ ನೋಡಿ. ಕ್ರಿಸ್ಟಲ್ ಡಿಸ್ಕ್ ಇನ್ಫೋ ಎಂಬ ಉಚಿತ ತಂತ್ರಾಂಶ ಇದೆ. ನೀಲಿ ಬಂದರೆ ನೆಮ್ಮದಿ. ಹಳದಿ ಬಂದರೆ ಬೇರೆಲ್ಲ ಬಿಟ್ಟು ಮುಖ್ಯವಾದ ಫೈಲುಗಳನ್ನು ಮೊದಲು ಎತ್ತಿಕೊಳ್ಳಿ. ಸಿನಿಮಾ, ಹಾಡು ಆಮೇಲೆ. ‘ಡಿಸ್ಕ್ ಹಾಳಾಗಿದೆ, ಚೆಕ್‌ಡಿಸ್ಕ್ ಓಡಿಸು’ ಎಂದು ಯಾರಾದರೂ ಹೇಳಿದರೆ ಕೇಳಬೇಡಿ. ಅದು ಡಿಸ್ಕಿನ ದೋಷ ಹುಡುಕಿ ಸರಿಪಡಿಸಲು ನೋಡುವ ವಿಂಡೋಸ್ ಸಾಧನ. ಸಾಯುತ್ತಿರುವ ಡಿಸ್ಕಿಗೆ ಅದು ಇಡೀ ಮೈ ತಿರುವಿಹಾಕುವ ಕೆಲಸ. ಡೇಟಾ ಹೊರಗೆ ಬಂದ ಮೇಲೆ ಏನಾದರೂ ಮಾಡಿಕೊಳ್ಳಿ. ಒಳಗಿಂದ ಟಿಕ್ ಟಿಕ್ ಸದ್ದು ಬರುತ್ತಿದ್ದರೆ ಆಫ್ ಮಾಡಿ, ಮತ್ತೆ ಆನ್ ಮಾಡಲೇಬೇಡಿ. ಅದು ನನ್ನ ಕೈಯಿಂದಲೂ ಆಗುವ ಕೆಲಸ ಅಲ್ಲ, ಡೇಟಾ ರಿಕವರಿ ಲ್ಯಾಬಿಗೇ ಹೋಗಬೇಕು. ಫ್ರಿಜ್‌ನಲ್ಲಿಟ್ಟರೆ ಸರಿಹೋಗುತ್ತದೆ ಎಂಬ ಮಾತನ್ನು ನಂಬಬೇಡಿ.

ಈಗ ಕಾಪಿ. ಗಮನಿಸಿ, ಕಟ್ ಅಲ್ಲ, ಕಾಪಿ. ನಡುವೆ ಕರೆಂಟ್ ಹೋದರೆ ಕಟ್ ಮಾಡಿದವರು ಯಾವ ಫೈಲು ಅಲ್ಲಿದೆ, ಯಾವುದು ಇಲ್ಲಿದೆ ಎಂದು ರಾತ್ರಿಯೆಲ್ಲಾ ಹುಡುಕಬೇಕಾಗುತ್ತದೆ. ಹಳೆ ಲ್ಯಾಪ್‌ಟಾಪಿನ ಬ್ಯಾಟರಿ ಸಾಮಾನ್ಯವಾಗಿ ಸತ್ತಿರುತ್ತದೆ. ಹಾಗಾಗಿ ಯುಪಿಎಸ್‌ಗೋ ಇನ್ವರ್ಟರ್ ಲೈನಿಗೋ ಹಾಕಿ ಕೂರಿ.

ಕಾಪಿ ಹಾಕಿಕೊಳ್ಳುವ ಹೊರಗಿನ ಡಿಸ್ಕನ್ನು ನೀಲಿ ಯುಎಸ್‌ಬಿ ಕಿಂಡಿಗೆ ಚುಚ್ಚಿ. ಕಪ್ಪು ಕಿಂಡಿ ಹೆಚ್ಚಾಗಿ ಯುಎಸ್‌ಬಿ 2. ಅದರಲ್ಲಿ 200 ಜಿಬಿ ಹೋಗಲು ಎರಡು ಗಂಟೆ ಹಿಡಿಯುತ್ತದೆ. ಮದುವೆ ವಿಡಿಯೋದಂಥ ದೊಡ್ಡ ಫೈಲು ಹೋಗುತ್ತಿಲ್ಲ ಎಂದರೆ ನಿಮ್ಮ ಪೆನ್‌ಡ್ರೈವ್ ಫ್ಯಾಟ್32ನಲ್ಲಿದೆ. ಅದು 4 ಜಿಬಿಗಿಂತ ದೊಡ್ಡ ಫೈಲನ್ನು ತೆಗೆದುಕೊಳ್ಳುವುದಿಲ್ಲ. ಎಕ್ಸ್‌ಫ್ಯಾಟ್‌ಗೆ ಫಾರ್ಮ್ಯಾಟ್ ಮಾಡಿಕೊಳ್ಳಿ. ಪೆನ್‌ಡ್ರೈವನ್ನು ಸ್ವಾಮಿ, ಲ್ಯಾಪ್‌ಟಾಪನ್ನಲ್ಲ!

ಏನೇನು ಎತ್ತಿಕೊಳ್ಳಬೇಕು? ‘ಡಿ ಡ್ರೈವ್‌ನಲ್ಲಿ ಎಲ್ಲಾ ಇದೆ ಸಾರ್’ ಎನ್ನುತ್ತಾರೆ. ನೋಡಿದರೆ ಡೆಸ್ಕ್‌ಟಾಪ್ ಮೇಲೆ ಸಂಕ್ರಾಂತಿ ರಂಗೋಲಿ ಹಾಗೆ ಫೈಲು ಹರಡಿರುತ್ತದೆ. ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್, ಡೌನ್‌ಲೋಡ್ಸ್ ಮೂರೂ ಸಾಮಾನ್ಯವಾಗಿ ಸಿ ಡ್ರೈವ್‌ನಲ್ಲಿ ಇರುವುದು. ಫೈಲಿನ ಪಕ್ಕ ಮೋಡದ ಗುರುತು ಇದ್ದರೆ ಅದು ಮೈಕ್ರೋಸಾಫ್ಟಿನ ಆನ್‌ಲೈನ್ ಸಂಗ್ರಹವಾದ ಒನ್‌ಡ್ರೈವ್‌ನಲ್ಲಿದೆ, ನಿಮ್ಮ ಡಿಸ್ಕಿನಲ್ಲಿ ಇಲ್ಲ. ಆ ಖಾತೆಯ ಪಾಸ್‌ವರ್ಡ್ ನೆನಪಿದೆಯಾ ಈಗಲೇ ನೋಡಿಕೊಳ್ಳಿ. ಲೆಕ್ಕಪತ್ರದ ತಂತ್ರಾಂಶ ಟ್ಯಾಲಿ ಇದ್ದರೆ ಟ್ಯಾಲಿಯ ಒಳಗಿಂದಲೇ ಬ್ಯಾಕಪ್ ತೆಗೆಯಿರಿ. ಬ್ರೌಸರ್‌ನಲ್ಲಿ ಉಳಿಸಿದ ಪಾಸ್‌ವರ್ಡ್‌ಗಳನ್ನೂ ಮರೆಯಬೇಡಿ.

ಡಿಟಿಪಿ ಮಾಡುವವರು ಫಾಂಟ್‌ಗಳನ್ನೂ ಎತ್ತಿಕೊಳ್ಳಬೇಕು. ಹಳೆ ನುಡಿ, ಬರಹ ಫಾಂಟ್‌ನಲ್ಲಿ ಮಾಡಿದ ಫೈಲುಗಳು ಎಲ್ಲ ಕಂಪ್ಯೂಟರ್‌ಗೂ ಅರ್ಥವಾಗುವ ಯೂನಿಕೋಡ್ ಅಲ್ಲ. ಫಾಂಟ್ ಇಲ್ಲದ ಕಂಪ್ಯೂಟರ್‌ನಲ್ಲಿ ತೆರೆದರೆ ‘ಕನ್ನಡ’ ಎಂಬ ಪದದಲ್ಲಿ ‘ನ’ ಇರಬೇಕಾದ ಜಾಗದಲ್ಲಿ ಬ್ರಿಟಿಷರ ಪೌಂಡ್ ಚಿಹ್ನೆ ಕೂತಿರುತ್ತದೆ. ಫೈಲು ಹಾಳಾಯಿತು ಎಂದು ಅತ್ತವರನ್ನೂ ನೋಡಿದ್ದೇನೆ. ಫೈಲು ಚೆನ್ನಾಗಿಯೇ ಇತ್ತು, ಫಾಂಟ್ ಇರಲಿಲ್ಲ.

ಕಾಪಿ ಮುಗಿದ ಮೇಲೆ ಎರಡೂ ಕಡೆಯ ಫೋಲ್ಡರ್ ಮೇಲೆ ಬಲಗಡೆ ಕ್ಲಿಕ್ ಮಾಡಿ, ಪ್ರಾಪರ್ಟೀಸ್ ತೆಗೆದು ಫೈಲುಗಳ ಸಂಖ್ಯೆ ತಾಳೆ ನೋಡಿ. ಹಾಗೇ ನಾಲ್ಕೈದು ಫೈಲು ತೆರೆದು ನೋಡಿ.

ಒಂದು ಕೊನೆಯ ಬಾಗಿಲು ಉಳಿದಿದೆ: ಬಿಟ್‌ಲಾಕರ್, ಅಂದರೆ ವಿಂಡೋಸ್ ಡಿಸ್ಕಿಗೆ ಹಾಕುವ ಬೀಗ. ಈಚಿನ ಲ್ಯಾಪ್‌ಟಾಪ್‌ಗಳಲ್ಲಿ ಮೈಕ್ರೋಸಾಫ್ಟ್ ಖಾತೆಯಲ್ಲಿ ಲಾಗಿನ್ ಆದರೆ ಡಿಸ್ಕ್ ತಾನಾಗಿಯೇ ಬೀಗ ಹಾಕಿಕೊಂಡಿರಬಹುದು. ಬಿಚ್ಚಿ ಬೇರೆ ಕಡೆ ಹಾಕಿದರೆ 48 ಅಂಕಿಯ ಕೀ ಕೇಳುತ್ತದೆ. ಕೀ ಇಲ್ಲದಿದ್ದರೆ ನಾನೂ ಏನೂ ಮಾಡಲಾರೆ. ಸೆಟ್ಟಿಂಗ್ಸ್‌ನಲ್ಲಿ ಎನ್‌ಕ್ರಿಪ್ಶನ್ (ಇದೇ ಬೀಗ) ಆಫ್ ಮಾಡಿ, ಅದು ಪೂರ್ತಿ ಮುಗಿಯುವ ತನಕ ಕಾಯಿರಿ.

ಕ್ಲೋನ್ (ಹಳೆ ಡಿಸ್ಕನ್ನು ಇದ್ದ ಹಾಗೇ ನಕಲು) ಮಾಡಬೇಕಾ, ಹೊಸದಾಗಿ ವಿಂಡೋಸ್ ಹಾಕಬೇಕಾ? ನನ್ನನ್ನು ಕೇಳಿದರೆ ಹೊಸದಾಗಿಯೇ ಹಾಕಿ. ಕ್ಲೋನ್ ಮಾಡಿದರೆ ಐದು ವರ್ಷದ ಕಸವೂ ಜೊತೆಗೆ ಬರುತ್ತದೆ. ಅದಕ್ಕಿಂತ ದೊಡ್ಡ ಕಾರಣ ಬೇರೆ ಇದೆ. ಕ್ಲೋನ್ ಮಾಡುವಾಗ ಎರಡು ಡಿಸ್ಕ್ ಒಟ್ಟಿಗೆ ಜೋಡಿಸಿರುತ್ತೀರಿ. ಯಾವುದರಿಂದ ಯಾವುದಕ್ಕೆ ಎಂದು ಆರಿಸುವಾಗ ಅದಲುಬದಲಾದರೆ ಖಾಲಿ ಡಿಸ್ಕು ತುಂಬಿದ ಡಿಸ್ಕಿನ ಮೇಲೆ ಹೋಗಿ ಕೂರುತ್ತದೆ. ನಾಮಕರಣದ ಫೋಟೋ ಹೋಗಿದ್ದು ಹೀಗೆಯೇ. ಕ್ಲೋನ್ ಮಾಡಲೇಬೇಕು ಎನ್ನುವವರು ಗಾತ್ರ ನೋಡಿ ನಿರ್ಧರಿಸಬೇಡಿ. 500 ಜಿಬಿ ಡಿಸ್ಕ್‌ಗಳೆಲ್ಲ ಕಂಪ್ಯೂಟರಿಗೆ 465 ಎಂದೇ ಕಾಣುತ್ತವೆ. ಡಿಸ್ಕಿನ ಚೀಟಿಯ ಮೇಲಿರುವ ಮಾಡೆಲ್ ನಂಬರನ್ನು ಕಾಗದದ ಮೇಲೆ ಬರೆದುಕೊಂಡು, ಪರದೆಯ ಮೇಲಿರುವುದಕ್ಕೆ ಅಕ್ಷರ ಅಕ್ಷರ ಹೋಲಿಸಿ ನೋಡಿ. ಆಮೇಲೆ ಎಂಟರ್ ಒತ್ತಿ.

4. ಬಿಚ್ಚುವುದು

ಚಾರ್ಜರ್ ತೆಗೆಯಿರಿ, ಬ್ಯಾಟರಿಯನ್ನೂ ಬಿಡಿಸಿ. ಬಿಳಿ ಕಾಗದದ ಮೇಲೆ ಲ್ಯಾಪ್‌ಟಾಪಿನ ಬೆನ್ನಿನ ಚಿತ್ರ ಬರೆದು, ತೆಗೆದ ಸ್ಕ್ರೂಗಳನ್ನು ಅದೇ ಜಾಗದಲ್ಲಿ ಟೇಪ್‌ನಲ್ಲಿ ಅಂಟಿಸಿ. ಗಿಡ್ಡ ಸ್ಕ್ರೂ ಜಾಗಕ್ಕೆ ಉದ್ದದ್ದನ್ನು ತಿರುಗಿಸಿದರೆ ಅದು ಮೇಲಿನ ಪ್ಲಾಸ್ಟಿಕ್ ಸೀಳಿಕೊಂಡು ಹೊರಬರುತ್ತದೆ. ಎಲ್ಲಾ ಸ್ಕ್ರೂ ತೆಗೆದರೂ ಮುಚ್ಚಳ ಬರುತ್ತಿಲ್ಲವಾ? ಬಲ ಹಾಕಬೇಡಿ. ರಬ್ಬರ್ ಕಾಲುಗಳ ಕೆಳಗೆ ಇನ್ನೂ ಒಂದೆರಡು ಅಡಗಿರುತ್ತವೆ. ಅಂಚು ಬಿಡಿಸಲು ಚಾಕು ಬೇಡ, ಹಳೆ ಎಟಿಎಂ ಕಾರ್ಡ್ ಸಾಕು.

5. ಕೂರಿಸುವುದು

ಹಳೆ ಡಿಸ್ಕಿನ ಕಬ್ಬಿಣದ ಚೌಕಟ್ಟನ್ನು ಬಿಚ್ಚಿ ಹೊಸದಕ್ಕೆ ಹಾಕಿ, ಕನೆಕ್ಟರ್‌ಗೆ ನೇರವಾಗಿ ತಳ್ಳಿ. ಎರಡೂವರೆ ಇಂಚಿನ ಎಸ್‌ಎಸ್‌ಡಿ 7 ಮಿಲಿಮೀಟರ್ ದಪ್ಪ. ಹಳೆಯದು 9.5 ಇದ್ದರೆ ಹೊಸದು ಅಲ್ಲಾಡುತ್ತದೆ. ಜೊತೆಗೆ ಸ್ಪೇಸರ್ (ಸಂದು ತುಂಬುವ ಪಟ್ಟಿ) ಕೊಟ್ಟಿದ್ದರೆ ಹಾಕಿ.

6. ವಿಂಡೋಸ್

ಇನ್‌ಸ್ಟಾಲ್ ಪೆನ್‌ಡ್ರೈವನ್ನು ಮೈಕ್ರೋಸಾಫ್ಟ್ ಜಾಲತಾಣದಿಂದಲೇ ಮಾಡಿಕೊಳ್ಳಿ. ಅಂಗಡಿಯಲ್ಲಿ ಸಿಗುವ, ‘ಎಲ್ಲಾ ಸಾಫ್ಟ್‌ವೇರ್ ಒಟ್ಟಿಗೇ ಇದೆ’ ಎನ್ನುವ ಪೆನ್‌ಡ್ರೈವ್ ಬೇಡ. ಅದರಲ್ಲಿ ಇನ್ನೇನೇನು ಇದೆಯೋ ಯಾರಿಗೆ ಗೊತ್ತು. ಹೊಸ ವಿಂಡೋಸ್ ಲೈಸೆನ್ಸ್ ಕೀ ಕೂಡ ಕೊಳ್ಳಬೇಡಿ. ಮೊದಲಿದ್ದ ಅಸಲಿ ವಿಂಡೋಸ್ 10 ಅಥವಾ 11ರ ಲೈಸೆನ್ಸ್ ಮದರ್‌ಬೋರ್ಡಿಗೆ ಅಂಟಿಕೊಂಡಿರುತ್ತದೆ. ಡಿಸ್ಕ್ ಬದಲಾದರೂ ನೆಟ್ ಸಿಕ್ಕ ಕೂಡಲೇ ತಾನೇ ಆಕ್ಟಿವೇಟ್ ಆಗುತ್ತದೆ. ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ರಂದು ಮಾಮೂಲಿ ಬೆಂಬಲ ನಿಂತಿದೆ. ಇಂಟೆಲ್ 8ನೇ ತಲೆಮಾರು ಅಥವಾ ಅದಕ್ಕಿಂತ ಹೊಸ ಪ್ರೊಸೆಸರ್ ಇದ್ದರೆ 11 ಹಾಕಿ.

7. ಹಳೆ ಡಿಸ್ಕ್

ಇದನ್ನು ಡಿವಿಡಿ ಡ್ರೈವ್ ಜಾಗದಲ್ಲಿ ಕ್ಯಾಡಿ (ಡಿಸ್ಕ್ ಕೂರಿಸುವ ಚೌಕಟ್ಟು) ಹಾಕಿ ಒಳಗೇ ಇಡುವವರಿದ್ದಾರೆ. ನನಗೆ ಇಷ್ಟವಿಲ್ಲ. ಬ್ಯಾಟರಿ ತಿನ್ನುತ್ತದೆ, ಸದ್ದೂ ಹೋಗುವುದಿಲ್ಲ. ಬೆನ್ನ ಮೇಲೆ ಮಾರ್ಕರ್‌ನಲ್ಲಿ ತಾರೀಕು ಬರೆದು, ಎಸ್‌ಎಸ್‌ಡಿ ಬಂದ ಕವರಿನಲ್ಲೇ ಹಾಕಿ ಬೀರುವಿನಲ್ಲಿಡಿ. ಮೂರು ತಿಂಗಳು ಫಾರ್ಮ್ಯಾಟ್ ಮಾಡಬೇಡಿ.

ಡಿಟಿಪಿ ಅಂಗಡಿಯ ಯಜಮಾನರೊಬ್ಬರು ‘ಎಲ್ಲಾ ಕಾಪಿ ಆಯ್ತಲ್ಲಪ್ಪ, ಇದನ್ನ ಗುಜರಿಗೆ ಹಾಕ್ತೀನಿ’ ಎಂದು ಹೊರಟಿದ್ದರು. ಬೇಡ ಎಂದು ಡ್ರಾಯರ್‌ನಲ್ಲಿ ಇಡಿಸಿ ಬಂದಿದ್ದೆ. ಎರಡು ತಿಂಗಳ ಮೇಲೆ ಲಗ್ನಪತ್ರಿಕೆ ಸೀಸನ್‌ನಲ್ಲಿ ಫೋನ್ ಬಂತು. ಗಣಪತಿ ಚಿತ್ರಗಳ ಫೋಲ್ಡರನ್ನು ಅವರ ಹುಡುಗ ರಿಸೈಕಲ್ ಬಿನ್ ಪಕ್ಕ ‘ನ್ಯೂ ಫೋಲ್ಡರ್ 3’ ಎಂಬ ಹೆಸರಿನಲ್ಲಿ ಇಟ್ಟಿದ್ದನಂತೆ. ಅದನ್ನು ಖಾಲಿ ಫೋಲ್ಡರ್ ಎಂದುಕೊಂಡು ಯಾರೂ ತೆರೆದೇ ಇರಲಿಲ್ಲ. ಡ್ರಾಯರ್‌ನಲ್ಲಿದ್ದ ಡಿಸ್ಕನ್ನು ಕೇಬಲ್‌ಗೆ ಜೋಡಿಸಿದೆ. ಹತ್ತು ನಿಮಿಷದಲ್ಲಿ ಗಣಪತಿ ವಾಪಸ್ ಬಂದ.