ದುಡ್ಡಿನ ಲೆಕ್ಕದಲ್ಲಿ ಸಿಕ್ಕಿದ ಸುಸಾನಾ ರೌಸನ್

18ನೇ ಶತಮಾನದ ಲೇಖಕಿ ಸುಸಾನಾ ರೌಸನ್ ಅಂದರೆ ಗೊತ್ತಿದ್ದವರು ಕೂಡಲೇ ‘ಷಾರ್ಲೆಟ್ ಟೆಂಪಲ್’ ಅನ್ನುತ್ತಾರೆ. ಶುರುವಿನ ಅಮೆರಿಕದಲ್ಲಿ ಅಷ್ಟು ಮಾರಾಟವಾದ ಕಾದಂಬರಿ ಇನ್ನೊಂದಿಲ್ಲ. ಆದರೂ ಆಕೆಯ ಬದುಕಿನ ಬಗ್ಗೆ ಲೇಖನ ಬರೆಯಲು ಕೂತಾಗ ಅದನ್ನು ಬೇಕಂತಲೇ ಪಕ್ಕಕ್ಕಿಟ್ಟೆ. ಸೈನ್ಯಾಧಿಕಾರಿಯೊಬ್ಬನನ್ನು ನಂಬಿ ಮನೆ ಬಿಟ್ಟು, ನ್ಯೂಯಾರ್ಕಿನಲ್ಲಿ ದಿಕ್ಕಿಲ್ಲದೆ ಸಾಯುವ ಹುಡುಗಿಯ ಕಥೆ ಅದು. ಆ ಕಣ್ಣೀರಿನ ನಡುವೆ ಬರೆದವಳು ಕಾಣಿಸುವುದೇ ಇಲ್ಲ.

ಬದಲಿಗೆ ನೋಟ್‌ಬುಕ್ಕಿನ ಹಾಳೆಗೆ ನಡುವೆ ಗೀಟು ಎಳೆದೆ. ಎಡಕ್ಕೆ ಇಸವಿ. ಬಲಕ್ಕೆ ಒಂದೇ ಪ್ರಶ್ನೆ: ಈ ಮನೆಗೆ ದುಡ್ಡು ಎಲ್ಲಿಂದ ಬಂತು?

ಹುಟ್ಟಿದ್ದು 1762ರಲ್ಲಿ, ಇಂಗ್ಲೆಂಡಿನ ಪೋರ್ಟ್ಸ್‌ಮತ್‌ನಲ್ಲಿ. ಹೆರಿಗೆಯ ಬೆನ್ನಲ್ಲೇ ತಾಯಿ ತೀರಿಕೊಂಡರು. ತಂದೆ ವಿಲಿಯಂ ಹ್ಯಾಸ್‌ವೆಲ್ ಬ್ರಿಟಿಷ್ ನೌಕಾಪಡೆಯವರು. ಬಾಸ್ಟನ್ ಪಕ್ಕದ ನಾಂಟಾಸ್ಕೆಟ್‌ನಲ್ಲಿ ನೆಲೆಸಿ, ಮಗಳನ್ನೂ ಅಲ್ಲಿಗೆ ಕರೆತಂದರು. ಬ್ರಿಟಿಷರ ವಿರುದ್ಧ ಅಮೆರಿಕದ ಕ್ರಾಂತಿ ಶುರುವಾದ ಮೇಲೆ ಆಸ್ತಿ ಹೋಯಿತು, ಕುಟುಂಬ ಕಾವಲಿನಲ್ಲಿ ಬಿತ್ತು. 1778ರಲ್ಲಿ ಕೈದಿಗಳ ವಿನಿಮಯದಲ್ಲಿ ಬರಿಗೈಲಿ ಇಂಗ್ಲೆಂಡಿಗೆ ವಾಪಸ್.

ಈ ಭಾಗವೇ ನನಗೆ ಜಾಸ್ತಿ ತಲೆನೋವು ಕೊಟ್ಟಿದ್ದು. ಆಕೆಯ ಬಾಲ್ಯದ ವಿವರ ಧಾರಾಳವಾಗಿ ಸಿಗುವುದು ‘ರೆಬೆಕಾ’ ಎಂಬ ಆಕೆಯದೇ ಕಾದಂಬರಿಯಲ್ಲಿ. ಕಾದಂಬರಿಯನ್ನು ಸಾಕ್ಷಿ ಅಂತ ಹೇಗೆ ತಗೊಳ್ಳೋದು? ದಾರಿ ಸಿಕ್ಕಿದ್ದು 1814ರ ಮುದ್ರಣದ ಮುನ್ನುಡಿಯಲ್ಲಿ. ಹಡಗು ಒಡೆದದ್ದು ಮುಂತಾದ ಘಟನೆಗಳು ನಿಜ, ಅನುಭವಿಸಿದ ಪಾತ್ರಗಳು ಮಾತ್ರ ಕಲ್ಪಿತ ಅಂತ ಆಕೆಯೇ ಹೇಳಿಕೊಂಡಿದ್ದಾಳೆ. ಹಾಗಾಗಿ ಘಟನೆಗಳನ್ನು ಇಟ್ಟುಕೊಂಡೆ, ಸಂಭಾಷಣೆ ಮತ್ತು ಅಳು ಬಿಟ್ಟೆ. 1870ರಲ್ಲಿ ಎಲಿಯಾಸ್ ನೇಸನ್ ಬರೆದ ಜೀವನಚರಿತ್ರೆಗೂ ಇದೇ ಜರಡಿ. ಅದರಲ್ಲಿ ಹೊಗಳಿಕೆ ಸ್ವಲ್ಪ ಹೆಚ್ಚೇ.

ಹಳೆಯ ಮುದ್ರಣಗಳ ಸ್ಕ್ಯಾನ್ ಪ್ರತಿಗಳು ಇಂಟರ್ನೆಟ್ ಆರ್ಕೈವ್ ಎಂಬ ಜಾಲತಾಣದಲ್ಲಿ ಪುಕ್ಕಟೆ ಸಿಗುತ್ತವೆ. ಒಂದು ಕಿವಿಮಾತು: 18ನೇ ಶತಮಾನದ ಅಚ್ಚಿನಲ್ಲಿ ಇಂಗ್ಲಿಷಿನ ‘ಎಸ್’ ಬಹಳ ಕಡೆ ‘ಎಫ್’ ತರಹ ಕಾಣುತ್ತದೆ. ಕಂಪ್ಯೂಟರ್ ಕೂಡ ಹಾಗೇ ಓದಿಕೊಂಡಿರುತ್ತದೆ. ಪದ ಹುಡುಕಿ ಸಿಗದಿದ್ದರೆ ‘ಎಫ್’ ಹಾಕಿ ಇನ್ನೊಮ್ಮೆ ನೋಡಿ.

1786ರಲ್ಲಿ ಮದುವೆ. ಗಂಡ ವಿಲಿಯಂ ರೌಸನ್ ಕಬ್ಬಿಣದ ಸಾಮಾನಿನ ವ್ಯಾಪಾರಿ, ಜೊತೆಗೆ ಕಹಳೆ ಊದುತ್ತಿದ್ದವನು. ವ್ಯಾಪಾರ ಮುಳುಗಿತು. ಬಲಗಡೆಯ ಸಾಲಿಗೆ ಅಲ್ಲಿಂದ ಜೀವ ಬಂತು ನೋಡಿ. ಇಬ್ಬರೂ ರಂಗಕ್ಕೆ ಇಳಿದರು. 1793ರಲ್ಲಿ ಥಾಮಸ್ ವಿಗ್ನೆಲ್ ಅವರನ್ನು ತನ್ನ ನಾಟಕ ಕಂಪನಿಗೆ ಸೇರಿಸಿಕೊಂಡು ಫಿಲಡೆಲ್ಫಿಯಾಕ್ಕೆ ಕರೆದೊಯ್ದ.

ಮರುವರ್ಷ ಅದೇ ಊರಿನಲ್ಲಿ ಮ್ಯಾಥ್ಯೂ ಕೇರಿ ಎಂಬ ಪ್ರಕಾಶಕ ‘ಷಾರ್ಲೆಟ್’ ಅಚ್ಚು ಹಾಕಿದ. ಅದು ಮೊದಲು ಹೊರಬಂದದ್ದು 1791ರಲ್ಲಿ, ಲಂಡನ್ನಿನಲ್ಲಿ. ಅಮೆರಿಕದ 1790ರ ಕಾಪಿರೈಟ್ ಕಾನೂನು ರಕ್ಷಿಸುತ್ತಿದ್ದದ್ದು ಅಲ್ಲಿನ ನಾಗರಿಕರನ್ನು, ನಿವಾಸಿಗಳನ್ನು ಮಾತ್ರ. ಮುದ್ರಕರು ಒಬ್ಬರ ಮೇಲೊಬ್ಬರು ಅಚ್ಚು ಹಾಕಿಕೊಂಡರು. 50,000ಕ್ಕೂ ಎಷ್ಟೋ ಹೆಚ್ಚು ಪ್ರತಿ ಹೋಗಿರಬೇಕು ಅಂತ 1812ರಲ್ಲಿ ಕೇರಿಯೇ ಆಕೆಗೆ ಪತ್ರ ಬರೆದ. ನನ್ನ ನೋಟ್‌ಬುಕ್ಕಿನ ಬಲಗಡೆ ಆ ಪುಸ್ತಕದ ಹೆಸರು ಹೆಚ್ಚು ಕಡಿಮೆ ಬರಲೇ ಇಲ್ಲ! ಲೇಖನ ಹೇಗೆ ಕಟ್ಟಬೇಕು ಅಂತ ತೀರ್ಮಾನವಾಗಿದ್ದು ಅಲ್ಲೇ. ಹೊಟ್ಟೆ ತುಂಬಿಸಿದ ಕೆಲಸಗಳಿಗೆ ಜಾಸ್ತಿ ಜಾಗ, ಹೆಸರು ತಂದ ಪುಸ್ತಕಕ್ಕೆ ಒಂದು ಪ್ಯಾರಾ.

ಹೀಗಾಗಿ 1794ರ ‘ಸ್ಲೇವ್ಸ್ ಇನ್ ಆಲ್ಜಿಯರ್ಸ್’ ನಾಟಕ ಮುಂದಕ್ಕೆ ಬಂತು. ಆಗ ಉತ್ತರ ಆಫ್ರಿಕಾದ ಆಲ್ಜಿಯರ್ಸ್‌ನ ಕಡಲ್ಗಳ್ಳರು ಅಮೆರಿಕದ ಹಡಗು ಹಿಡಿದು ನಾವಿಕರನ್ನು ಸೆರೆಯಲ್ಲಿಟ್ಟಿದ್ದರು. ಬಿಸಿ ಸುದ್ದಿ ಅದು. ನಾಟಕ ಬರೆದವಳೂ ಆಕೆ, ಒಲಿವಿಯಾ ಪಾತ್ರ ಮಾಡಿದವಳೂ ಆಕೆ. ಕೊನೆಗೆ ಪ್ರೇಕ್ಷಕರೆದುರು ನಿಂತು, ಆಳಲು ಹುಟ್ಟಿದವರು ಹೆಂಗಸರು, ಗಂಡಸರು ಬಾಯಿ ಮುಚ್ಚಿಕೊಂಡು ಹೇಳಿದ್ದು ಕೇಳಬೇಕು ಎಂಬರ್ಥದ ಸಾಲು ಹೇಳಿದಳು. ತಮಾಷೆಗೇ ಅನ್ನಿ. ವಿಲಿಯಂ ಕಾಬೆಟ್ ಎಂಬ ಪತ್ರಕರ್ತನಿಗೆ ಉರಿದುಹೋಯಿತು. 1795ರಲ್ಲಿ ಒಂದು ಕಿರುಪುಸ್ತಕವನ್ನೇ ಬರೆದು ಆಕೆಯನ್ನು ಹೀಯಾಳಿಸಿದ. ಆಕೆಯೂ ಸುಮ್ನೆ ಕೂರಲಿಲ್ಲ, ಮುಂದಿನ ಕಾದಂಬರಿಯ ಮುನ್ನುಡಿಯಲ್ಲಿ ಅವನನ್ನು ಅಸಹ್ಯದ ಹುಳು ಹುಪ್ಪಟೆಗಳ ಸಾಲಿಗೆ ಸೇರಿಸಿದಳು. ಈ ಜಗಳ ಬರೆಯುವಾಗ ನನಗೂ ಖುಷಿಯೋ ಖುಷಿ.

1797ರಲ್ಲಿ ರಂಗ ಬಿಟ್ಟು ಬಾಸ್ಟನ್‌ನಲ್ಲಿ ಹೆಣ್ಣುಮಕ್ಕಳ ಶಾಲೆ ತೆರೆದಳು. ಒಬ್ಬಳೇ ವಿದ್ಯಾರ್ಥಿನಿಯಿಂದ ಶುರುವಾಗಿ ವರ್ಷದೊಳಗೆ ನೂರಕ್ಕೆ ಏರಿತು ಅನ್ನುವುದು ನೇಸನ್ ಮಾತು. ಪಾಠಕ್ಕೆ ಪುಸ್ತಕ ಬೇಕಾದಾಗ ತಾನೇ ಬರೆದಳು: 1805ರಲ್ಲಿ ಭೂಗೋಳ, 1807ರಲ್ಲಿ ಕಾಗುಣಿತದ ನಿಘಂಟು. 1824ರಲ್ಲಿ ತೀರಿಕೊಳ್ಳುವ ಎರಡು ವರ್ಷ ಮುಂಚಿನವರೆಗೂ ಶಾಲೆ ಕೈಬಿಡಲಿಲ್ಲ. ಬಲಗಡೆಯ ಸಾಲಿನಲ್ಲಿ ಅತಿ ಉದ್ದದ ಭಾಗ ಇದೇ.

ನ್ಯೂಯಾರ್ಕಿನ ಟ್ರಿನಿಟಿ ಚರ್ಚಿನ ಅಂಗಳದಲ್ಲಿ ಷಾರ್ಲೆಟ್ ಟೆಂಪಲ್ ಹೆಸರಿನ ಸಮಾಧಿಕಲ್ಲೇ ಇದೆ. ಕಥೆಯ ಹುಡುಗಿಗೆ ಜನ ಹೂವು ತಂದಿಡುತ್ತಿದ್ದರು. ಅದಕ್ಕೆ ಲೇಖನದಲ್ಲಿ ಒಂದೇ ಸಾಲು ಕೊಟ್ಟೆ.

ರೌಸನ್‌ಳನ್ನು ಓದಬೇಕು ಅನ್ನುವವರು ‘ಷಾರ್ಲೆಟ್’ನಿಂದ ಶುರು ಮಾಡಬೇಡಿ. ಆಲ್ಜಿಯರ್ಸ್ ನಾಟಕ ಓದಿ. ಮೂರೇ ಅಂಕ, ಒಂದೇ ಕೂತಲ್ಲಿ ಮುಗಿಯುತ್ತದೆ. ಅದರಲ್ಲಿ ಯಹೂದಿಗಳನ್ನೂ ಮುಸ್ಲಿಮರನ್ನೂ ತೋರಿಸಿರುವ ರೀತಿ ಇವತ್ತು ಸಹಿಸುವುದು ಕಷ್ಟ. ನಾನದನ್ನು ಲೇಖನದಲ್ಲಿ ಮುಚ್ಚಿಡಲಿಲ್ಲ.